ನಮ್ಮ ನೆತ್ತಿಯ ಸೂರ್ಯ

ಉಪಾಧ್ಯಾಯನಾದವನು ತನ್ನ ವೃತ್ತಿಯಲ್ಲಿ ಮಾಡಿದ ತಪ್ಪುಗಳನ್ನು ನಿವೃತ್ತಿಯಾದ ಮೇಲೆ ಎಣಿಸುತ್ತ ಕುಳಿತುಕೊಳ್ಳುವುದು ಸುಖದ ಕೆಲಸವೇನೂ ಅಲ್ಲ. ಬೈದದ್ದು, ಬೆಂಚಿನ ಮೇಲೆ ನಿಲ್ಲಿಸಿದ್ದು, ಗಂಟೆಯಾಯಿತೆಂದು ಪಾಠವನ್ನು ಅರ್ಧಕ್ಕೆ ಬಿಟ್ಟು ಎದ್ದು ಬಂದದ್ದು, ಇವೆಲ್ಲ ಮೇಷ್ಟರುಗಳೆಲ್ಲರ ಪಾಲಿಗೂ ಬಂದ ಪಾಪಗಳಾದ್ದರಿಂದ ಹಂಚಿಕೊಂಡಾಗ ಭಾರ ಕಡಿಮೆಯಾಗುತ್ತದೆ. ಆದರೆ ಹುಡುಗನೊಬ್ಬ ಬರೆದ ಸರಿಯಾದ ಉತ್ತರದ ಮೇಲೆ ಕೆಂಪು ಶಾಯಿಯಿಂದ ಅಡ್ಡಗೆರೆ ಎಳೆದದ್ದನ್ನು ಯಾರೊಡನೆ ಹಂಚಿಕೊಳ್ಳುವುದು? ನಾನಿಲ್ಲಿ ಬರೆಯಹೊರಟಿರುವುದು ಸೂರ್ಯನ ದಾರಿಯ ಛಾಯಾಚಿತ್ರವನ್ನು ಕುರಿತು. ಆದರೂ ಆ ಅಡ್ಡಗೆರೆಯಿಂದಲೇ ಆರಂಭಿಸದೆ ನನಗೆ ಗತಿಯಿಲ್ಲ.

ಮೂವತ್ತಕ್ಕೂ ಹೆಚ್ಚು ವರ್ಷಗಳ ಹಿಂದಿನ ಮಾತು. ನಾನಾಗ ಜಗಳೂರು ಸೀಮೆಯ ಪ್ರೌಢಶಾಲೆಯೊಂದರಲ್ಲಿದ್ದೆ. ಜಗಳೂರು ಆಗ ಚಿತ್ರದುರ್ಗ ಜಿಲ್ಲೆಗೆ ಸೇರಿತ್ತು. ನಾನು ಆಮೇಲೆ ಕೆಲಸ ಮಾಡಿದ ಚನ್ನಗಿರಿ, ಹೊನ್ನಾಳಿಗಳು ಶಿವಮೊಗ್ಗಕ್ಕೆ ಸೇರಿದ್ದುವು. ಅವೆಲ್ಲ ದಾವಣಗೆರೆ ಜಿಲ್ಲೆಯೆಂಬ ಒಂದೇ ಮಾಡಿನ ಕೆಳಗೆ ಬಂದದ್ದು 1997ರಲ್ಲಿ. ನ್ಯಾಮತಿ ಹೊನ್ನಾಳಿಯಿಂದ ಬೇರೆಯಾಗಿ ತಾನೇ ತಾಲ್ಲೂಕಾದದ್ದು ಇನ್ನೂ ಈಚೆಗೆ. ಭೂಗೋಳದ ಕಿರುಪರೀಕ್ಷೆಯಲ್ಲಿ ಎರಡು ಅಂಕಗಳ ಪ್ರಶ್ನೆಯೊಂದನ್ನು ಕೊಟ್ಟಿದ್ದೆ: ನಡುಹಗಲಿನಲ್ಲಿ ನಮ್ಮ ಊರಿನಲ್ಲಿ ನೆಟ್ಟ ಕೋಲಿನ ನೆರಳು ಯಾವ ದಿಕ್ಕಿಗೆ ಬೀಳುತ್ತದೆ? ನಾವು ಭೂಮಧ್ಯರೇಖೆಗೆ ಉತ್ತರದಲ್ಲಿರುವವರು. ಸೂರ್ಯ ನಮಗೆ ದಕ್ಷಿಣದಲ್ಲಿರುವವನು. ಆದ್ದರಿಂದ ನೆರಳು ಉತ್ತರಕ್ಕೆ. ನಾನು ಕಲಿತದ್ದೂ ಇದೇ, ಕಲಿಸಿದ್ದೂ ಇದೇ. ಕುರಿ ಸಾಕುವ ಮನೆಯ ಹುಡುಗನೊಬ್ಬ, ಬೇಸಿಗೆಯ ಕೊನೆಯಲ್ಲಿ ಮತ್ತು ಮಳೆಗಾಲದಲ್ಲಿ ದಕ್ಷಿಣಕ್ಕೆ, ಉಳಿದ ಕಾಲದಲ್ಲಿ ಉತ್ತರಕ್ಕೆ ಎಂದು ಬರೆದಿದ್ದ. ನಾನು ಗೆರೆ ಎಳೆದು ಸೊನ್ನೆ ಹಾಕಿದೆ.

ಉತ್ತರಪತ್ರಿಕೆ ಹಂಚಿದ ದಿನ ಅವನು ಮೇಜಿನ ಬಳಿ ಬಂದು ನಿಂತ. “ಸಾರ್, ಬ್ಯಾಸಿಗಿ ರಜಾದಾಗೆ ಕುರಿ ಮೇಸಾಕೆ ಹೋಗಿದ್ನಲ್ಲ, ನಡುಹೊತ್ತಿನಾಗೆ ನನ್ನ ನೆಳ್ಳು ತೆಂಕಲಕ್ಕೇ ಬೀಳ್ತಿತ್ತು. ಗೇಣುದ್ದ. ನಾನೇ ನೋಡೀನಿ” ಎಂದ. ನಾನು ಪುಸ್ತಕ ತೆಗೆದು ಚಿತ್ರ ತೋರಿಸಿದೆ. ಅವನು ಚಿತ್ರವನ್ನೂ ನೋಡಿದ, ನನ್ನ ಮುಖವನ್ನೂ ನೋಡಿದ, “ಆಯ್ತು ಸಾರ್” ಎಂದು ಹೋಗಿ ಕುಳಿತ. ಹೊರಗೆ ಹೋಗಿ ಒಂದು ಕೋಲು ನೆಟ್ಟು ನೋಡೋಣ ಬಾ ಎನ್ನುವುದು ನನಗೆ ಹೊಳೆಯಲಿಲ್ಲ. ಹೊಳೆದಿದ್ದರೂ ಆ ದಿನ ಪ್ರಯೋಜನವಾಗುತ್ತಿರಲಿಲ್ಲವೆನ್ನಿ. ಅದು ಕಾರ್ತಿಕ ಮಾಸ, ಸೂರ್ಯ ನನ್ನ ಪಕ್ಷದಲ್ಲಿದ್ದ.

ಆಮೇಲಿನ ವರ್ಷಗಳಲ್ಲಿ ಈ ಪ್ರಸಂಗ ನನಗೆ ಪೂರ್ತಿ ಮರೆತೇಹೋಗಿತ್ತು. ನಿವೃತ್ತಿಯಾಗಿ ಚನ್ನಗಿರಿಯಲ್ಲಿ ನೆಲಸಿದ ಮೇಲೆ ಹಳೆಯ ಶಿಷ್ಯರೊಬ್ಬರು ಒಂದು ಚಿತ್ರದ ಪ್ರತಿಯನ್ನು ತಂದುಕೊಟ್ಟರು. ಇಂಗ್ಲೆಂಡಿನ ಹರ್ಟ್‌ಫರ್ಡ್‌ಷೈರ್ ವಿಶ್ವವಿದ್ಯಾನಿಲಯಕ್ಕೆ ಬೇಫರ್ಡ್‌ಬರಿ ಎಂಬಲ್ಲಿ ಒಂದು ವೀಕ್ಷಣಾಲಯವಿದೆ. ಅಲ್ಲಿ ಕಲಾವಿದ್ಯಾರ್ಥಿನಿಯಾಗಿದ್ದ ರೆಜಿನಾ ವಾಲ್ಕೆನ್‌ಬರ್ಗ್ ಎಂಬಾಕೆ 2012ರಲ್ಲಿ ಬಿಯರಿನ ಖಾಲಿ ಡಬ್ಬಿಯೊಂದಕ್ಕೆ ಸೂಜಿಮೊನೆಯಷ್ಟು ರಂಧ್ರ ಮಾಡಿ, ಒಳಗೆ ಫೋಟೋ ಕಾಗದವನ್ನು ಸುರುಳಿಯಾಗಿ ಇಟ್ಟು, ದೂರದರ್ಶಕದ ಕಟ್ಟಡದ ಮೇಲೆ ಕಟ್ಟಿದರು, ಆಮೇಲೆ ಮರೆತರು. 2020ರಲ್ಲಿ ಯಾರೋ ಅದನ್ನು ಬಿಚ್ಚಿ ಕೆಳಗಿಳಿಸಿದಾಗ ಎಂಟು ವರ್ಷ ಒಂದು ತಿಂಗಳ ಸೂರ್ಯ ಅದರೊಳಗೆ ಕುಳಿತಿದ್ದ: 2,953 ಗೆರೆಗಳು, ಕಮಾನಿನ ಮೇಲೆ ಕಮಾನು. ಮರೆವು ಇಷ್ಟು ಸಾರ್ಥಕವಾದ ನಿದರ್ಶನ ನನಗೆ ಬೇರೊಂದು ತಿಳಿಯದು.

ಸೂರ್ಯನ ಮುಖವನ್ನು ಚಿತ್ರಿಸುವುದು ಬೇರೆ, ಅವನ ನಡೆಯನ್ನು ಚಿತ್ರಿಸುವುದು ಬೇರೆ. ಮುಖದ ಚಿತ್ರ ನಮಗೆ ಹೊಸದಲ್ಲ. ಕೊಡೈಕಾನಲ್ಲಿನ ಸೌರ ವೀಕ್ಷಣಾಲಯದಲ್ಲಿ ಇಪ್ಪತ್ತನೆಯ ಶತಮಾನದ ಮೊದಲ ದಶಕದಿಂದ ದಿನದಿನವೂ ತೆಗೆದ ಚಿತ್ರಗಳ ಭಂಡಾರವೇ ಇದೆ. ನಡೆಯ ಚಿತ್ರಕ್ಕೆ ಅಂಥ ದೊಡ್ಡ ಯಂತ್ರ ಬೇಕಿಲ್ಲ, ದೊಡ್ಡ ತಾಳ್ಮೆ ಬೇಕು. ಅಮೆರಿಕದ ಡೆನಿಸ್ ಡಿ ಚಿಕ್ಕೊ 1978-79ರಲ್ಲಿ ಕ್ಯಾಮರಾವನ್ನು ಕದಲಿಸದೆ, ಒಂದೇ ಫಿಲ್ಮಿನ ಮೇಲೆ, ವರ್ಷವಿಡೀ ದಿನದ ಒಂದೇ ಹೊತ್ತಿಗೆ ಸೂರ್ಯನನ್ನು ಮತ್ತೆ ಮತ್ತೆ ಮೂಡಿಸಿ, ಆಕಾಶದಲ್ಲಿ ಅವನು ಬರೆಯುವ 8ರ ಅಂಕಿಯನ್ನು ತೋರಿಸಿದರು. ಡಬ್ಬಿಯ ಚಿತ್ರ ಇದಕ್ಕಿಂತ ಬಡವರದು. ಕಪ್ಪು ಬಿಳುಪಿನ ಫೋಟೋ ಕಾಗದದ ಮೇಲಿರುವ ಬೆಳ್ಳಿಯ ಲವಣ ಬಿಸಿಲು ಬಿದ್ದಲ್ಲಿ ತಾನಾಗಿಯೇ ಕಪ್ಪಾಗುತ್ತದೆ. ರಾಸಾಯನಿಕದಲ್ಲಿ ತೊಳೆಯುವ ಕೆಲಸವೇ ಇಲ್ಲ. ಆರು ತಿಂಗಳ ಮೇಲೆ ಮಂದ ಬೆಳಕಿನಲ್ಲಿ ಕಾಗದವನ್ನು ಹೊರಗೆಳೆದು ಒಮ್ಮೆ ಸ್ಕ್ಯಾನ್ ಮಾಡಿಕೊಂಡು, ಕಪ್ಪನ್ನು ಬಿಳಿಯಾಗಿಯೂ ಬಿಳಿಯನ್ನು ಕಪ್ಪಾಗಿಯೂ ತಿರುಗಿಸಿದರೆ ಮುಗಿಯಿತು.

ನಾನೂ ಒಂದು ಡಿಸೆಂಬರ್ 21ರಂದು ತಂಪುಪಾನೀಯದ ಡಬ್ಬಿಯೊಂದನ್ನು ಹೀಗೆ ಸಿದ್ಧಪಡಿಸಿದೆ. ರಂಧ್ರ ದಕ್ಷಿಣಕ್ಕೆ ಮುಖಮಾಡಿರಬೇಕು, ಡಬ್ಬಿ ನೆಟ್ಟಗೆ ನಿಂತಿರಬೇಕು ಎಂದು ನನಗೆ ಸಿಕ್ಕಿದ ವಿಧಿಗಳೆಲ್ಲ ಹೇಳಿದುವು. ಹಾಗೆಯೇ ಮಹಡಿಯ ಕಂಬಿಗೆ ಕಟ್ಟಿದೆ. ಅದೇನೆಂದು ಕೇಳಿದವರಿಗೆಲ್ಲ ವಿವರಿಸಿದೆ. ಎದುರುಮನೆಯವರು ಅದನ್ನು ದೃಷ್ಟಿದೋಷಕ್ಕೆ ಕಟ್ಟಿದ್ದೆಂದೇ ಕೊನೆಯವರೆಗೂ ತಿಳಿದಿದ್ದರು. ಜೂನ್ 21ರಂದು ಬಿಚ್ಚಿ ನೋಡಿದರೆ ಎಡಕ್ಕೊಂದು ಕಂತೆ, ಬಲಕ್ಕೊಂದು ಕಂತೆ ಗೆರೆಗಳು. ನಡುವೆ ಏನೂ ಇಲ್ಲ. ಬೆಳಿಗ್ಗೆಯ ಸೂರ್ಯನೂ ಸಂಜೆಯ ಸೂರ್ಯನೂ ಇದ್ದರು, ನಡುಹಗಲಿನ ಸೂರ್ಯ ಆರು ತಿಂಗಳಲ್ಲಿ ಒಂದು ದಿನವೂ ಇರಲಿಲ್ಲ.

ಕಾಗದ ಕೆಟ್ಟಿರಬೇಕೆಂದು ಮೊದಲು ಭಾವಿಸಿದೆ. ಎರಡು ದಿನ ಲೆಕ್ಕ ಹಾಕಿದ ಮೇಲೆ ತಿಳಿಯಿತು, ಕೆಟ್ಟದ್ದು ಕಾಗದವಲ್ಲವೆಂದು. ಡಬ್ಬಿಯ ಅಡ್ಡಳತೆ ಆರೂವರೆ ಸೆಂಟಿಮೀಟರು, ಎತ್ತರ ಹನ್ನೊಂದು ಹನ್ನೆರಡು. ನಟ್ಟನಡುವೆ ರಂಧ್ರವಿದ್ದರೆ, ಸುಮಾರು ನಲವತ್ತು ಡಿಗ್ರಿಗಿಂತ ಮೇಲೇರಿದ ಸೂರ್ಯನ ಬೆಳಕು ಎದುರಿನ ಕಾಗದವನ್ನು ಮುಟ್ಟದೆ ಡಬ್ಬಿಯ ತಳಕ್ಕೆ ಬೀಳುತ್ತದೆ. ಹರ್ಟ್‌ಫರ್ಡ್‌ಷೈರಿನ ಡಿಸೆಂಬರಿನಲ್ಲಿ ನಡುಹಗಲ ಸೂರ್ಯ ದಿಗಂತದಿಂದ ಹದಿನೈದೇ ಡಿಗ್ರಿ ಎತ್ತರದಲ್ಲಿರುತ್ತಾನೆ; ಹೊಸಿಲಲ್ಲಿ ನಿಂತು ಹೋಗುವ ನೆಂಟನಂತೆ. ಚನ್ನಗಿರಿಯಲ್ಲಿ ವರ್ಷದ ಅತ್ಯಂತ ತಗ್ಗಿನ ನಡುಹಗಲಿನಲ್ಲಿಯೂ ಅವನು ಐವತ್ತೆರಡು ಡಿಗ್ರಿ ಎತ್ತರದಲ್ಲಿರುತ್ತಾನೆ. ಆ ವಿಧಿ ಬರೆದವರ ಆಕಾಶಕ್ಕೆ ಅದು ಸರಿ. ನನ್ನ ಆಕಾಶಕ್ಕೆ ಸರಿಯಲ್ಲ.

ಇಲ್ಲಿಯೇ ಆ ಹುಡುಗ ನನಗೆ ನೆನಪಾದ. ಲೆಕ್ಕವನ್ನು ಮುಂದುವರಿಸಿದರೆ ಅವನು ಎದುರಿಗೆ ಬಂದು ನಿಲ್ಲದೆ ಇರುವಂತಿರಲಿಲ್ಲ. ಚನ್ನಗಿರಿ ಭೂಮಧ್ಯರೇಖೆಯಿಂದ 14 ಡಿಗ್ರಿ ಉತ್ತರದಲ್ಲಿದೆ. ನ್ಯಾಮತಿ, ಹೊನ್ನಾಳಿಗಳು ಸ್ವಲ್ಪ ಮೇಲೆ, ಜಗಳೂರು ಹದಿನಾಲ್ಕೂವರೆಯಲ್ಲಿ. ಸೂರ್ಯ ಉತ್ತರಕ್ಕೆ ಇಪ್ಪತ್ತಮೂರೂವರೆ ಡಿಗ್ರಿಯವರೆಗೆ ಹೋಗಿಬರುವವನು. ಹೋಗುವಾಗ ನಮ್ಮ ನೆತ್ತಿಯನ್ನು ದಾಟಿಯೇ ಹೋಗಬೇಕು, ಬರುವಾಗ ದಾಟಿಯೇ ಬರಬೇಕು. ದಾಟುವುದು ಏಪ್ರಿಲ್ 28ರಿಂದ 30ರ ಒಳಗೆ ಒಮ್ಮೆ, ಆಗಸ್ಟ್ 13ರಿಂದ 16ರ ಒಳಗೆ ಇನ್ನೊಮ್ಮೆ. ನಡುವಣ ಮೂರೂವರೆ ತಿಂಗಳಿಗೂ ಮಿಕ್ಕ ಕಾಲ ನಡುಹಗಲಿನ ಸೂರ್ಯ ನಮಗೆ ಉತ್ತರದಲ್ಲಿರುತ್ತಾನೆ, ನೆರಳು ದಕ್ಷಿಣಕ್ಕೆ ಬೀಳುತ್ತದೆ. ಮೇ ತಿಂಗಳ ಕೊನೆಗೆ ಒಂದೂವರೆ ಮೀಟರ್ ಎತ್ತರದ ಹುಡುಗನ ನೆರಳು ಸುಮಾರು ಇಪ್ಪತ್ತು ಸೆಂಟಿಮೀಟರು. ಗೇಣುದ್ದ ಎಂದಿದ್ದ ಅವನು, ಅಳತೆಯೂ ಸರಿಯಾಗಿತ್ತು.

ಕರ್ಕಾಟಕ ಸಂಕ್ರಾಂತಿ ವೃತ್ತವೆಂದರೇನು, ಉಷ್ಣವಲಯವೆಂದರೇನು ಎಂದು ನನ್ನನ್ನು ಯಾರಾದರೂ ಕೇಳಿದ್ದರೆ ನಿದ್ದೆಗಣ್ಣಿನಲ್ಲಿಯೂ ಹೇಳುತ್ತಿದ್ದೆ. ಆ ವೃತ್ತಕ್ಕೆ ದಕ್ಷಿಣದಲ್ಲಿರುವ ಊರಿನಲ್ಲಿಯೇ ನಾನು ಕೊಡೆ ಹಿಡಿದು ಶಾಲೆಗೆ ನಡೆದು ಹೋಗುತ್ತಿದ್ದೇನೆ ಎಂಬುದು ಮಾತ್ರ ತಲೆಗೆ ಬರಲಿಲ್ಲ. ಕಲಿತದ್ದು ಒಂದು ಕಪಾಟಿನಲ್ಲಿ, ಬದುಕಿದ್ದು ಇನ್ನೊಂದರಲ್ಲಿ, ನಡುವೆ ಬಾಗಿಲಿರಲಿಲ್ಲ.

ಎರಡನೆಯ ಬಾರಿ ಡಬ್ಬಿಯನ್ನು ನಿಲ್ಲಿಸಲಿಲ್ಲ, ಮಲಗಿಸಿದೆ. ಉದ್ದ ದಕ್ಷಿಣೋತ್ತರವಾಗಿ, ರಂಧ್ರ ಆಕಾಶ ನೋಡುವಂತೆ, ಉತ್ತರದ ತುದಿ ಧ್ರುವನಕ್ಷತ್ರದ ಕಡೆಗೆ ಹದಿನಾಲ್ಕು ಡಿಗ್ರಿ ಎತ್ತಿರುವಂತೆ. ಕೋನಮಾಪಕ ಬೇಕಿಲ್ಲ, ಅಡಿಗೆ ಮೂರಂಗುಲದ ಏರು ಕೊಟ್ಟರೆ ನಮ್ಮ ಅಕ್ಷಾಂಶ ತಾನಾಗಿಯೇ ಬರುತ್ತದೆ. ಬಡಗಿ ಇದನ್ನು ಕೇಳಿ ಐದು ನಿಮಿಷದಲ್ಲಿ ಮರದ ಹಲಗೆ ಕೊಯ್ದುಕೊಟ್ಟ. ಹೀಗೆ ನಾಲ್ಕು ಡಬ್ಬಿಗಳನ್ನು ಮಾಡಿ, ಹಳೆಯ ಸಹೋದ್ಯೋಗಿಗಳ ಕೈಹಿಡಿದು, ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರುಗಳಲ್ಲಿ ಒಂದೊಂದನ್ನು ಇಡಿಸಿದೆ. ಶಾಲೆಯ ಮಕ್ಕಳು ಕಾವಲು. ಕೋತಿಗಳ ಕಾಟದಿಂದ ಚನ್ನಗಿರಿಯದು ಎರಡು ವಾರದಲ್ಲಿ ಮಾಯವಾಯಿತು. ಇನ್ನೊಂದನ್ನು ತಂತಿಬಲೆಯೊಳಗೆ ಇಟ್ಟೆವು. ಡಿಸೆಂಬರಿನಿಂದ ಜೂನಿಗೆ ಒಂದು ಕಾಗದ, ಜೂನಿನಿಂದ ಡಿಸೆಂಬರಿಗೆ ಇನ್ನೊಂದು.

ಮಳೆಗಾಲದ ಡಬ್ಬಿಯ ತೊಂದರೆಯನ್ನು ಯಾವ ಪುಸ್ತಕವೂ ಹೇಳಿರಲಿಲ್ಲ. ಆಕಾಶ ನೋಡುವ ರಂಧ್ರ ಆಕಾಶದಿಂದ ಬರುವುದೆಲ್ಲವನ್ನೂ ಒಳಗೆ ಬಿಟ್ಟುಕೊಳ್ಳುತ್ತದೆ. ನ್ಯಾಮತಿಯ ಡಬ್ಬಿಯನ್ನು ಆರಿದ್ರಾ ಮಳೆಯಲ್ಲಿ ಎತ್ತಿ ಅಲುಗಿಸಿದರೆ ತಂಬಿಗೆಯಂತೆ ಕುಲುಕಿತು. ಕಾಗದಕ್ಕೆ ಬೂಷ್ಟು ಹಿಡಿದಿತ್ತು. ಶಾಲೆಯ ಪ್ರಯೋಗಶಾಲೆಯಲ್ಲಿ ಸೂಕ್ಷ್ಮದರ್ಶಕದ ಜೊತೆಗೆ ಬರುವ ತೆಳುಗಾಜಿನ ಚೂರನ್ನು ರಂಧ್ರದ ಮೇಲೆ ಅಂಟಿಸೋಣ ಎಂದವಳು ಒಂಬತ್ತನೆಯ ತರಗತಿಯ ಒಬ್ಬ ಹುಡುಗಿ. ಮರುವರ್ಷ ಹಾಗೆ ಮಾಡಿದೆವು. ಇದರಿಂದಾಗಿ ನಾಲ್ಕೂ ಊರುಗಳ ಪೂರ್ತಿ ವರ್ಷದ ಚಿತ್ರಗಳು ಕೈಗೆ ಬರಲು ಲೆಕ್ಕಕ್ಕಿಂತ ಒಂದು ವರ್ಷ ಹೆಚ್ಚು ಹಿಡಿಯಿತು.

ಚಿತ್ರ ಹೇಗಿತ್ತೆಂದರೆ: ನಡುವೆ ಬಿಗಿದ ಹೆದೆಯಂತೆ ಒಂದು ನೇರ ಗೆರೆ. ಅದು ಹಗಲಿರುಳು ಸಮವಾಗುವ ಮಾರ್ಚಿಯ ವಿಷುವದಿನದ್ದು. ಅದರ ಒಂದು ಮಗ್ಗುಲಿಗೆ ಡಿಸೆಂಬರಿನ ಬಿಲ್ಲು, ಇನ್ನೊಂದು ಮಗ್ಗುಲಿಗೆ ಜೂನಿನ ಬಿಲ್ಲು; ನಡುವೆ ದಿನಕ್ಕೊಂದರಂತೆ ಗೆರೆಗಳು. ವಿಷುವದ ಸುತ್ತಮುತ್ತ ಗೆರೆ ಗೆರೆಯನ್ನು ಬಿಟ್ಟು ಸರಿದಿದೆ. ಡಿಸೆಂಬರಿನ ಕೊನೆಗೆ ಬಂದಾಗ ಒಂದರ ಮೇಲೊಂದು ಬಿದ್ದು ದಪ್ಪನೆಯ ಅಂಚಾಗಿದೆ. ಸೂರ್ಯ ನಿಂತು, ಯೋಚಿಸಿ, ಹಿಂತಿರುಗಿದಂತೆ ಕಾಣುತ್ತದೆ. ಮಕ್ಕಳಿಗೆ ಕಾಗದದ ಬಣ್ಣವೇ ಹೆಚ್ಚು ಹಿಡಿಸಿತು. ಕಪ್ಪುಬಿಳುಪಿನ ಕಾಗದ ಆರು ತಿಂಗಳ ಬಿಸಿಲಿಗೆ ಕಂದು, ನಸುಗೆಂಪು, ಮಾವಿನ ಚಿಗುರಿನ ಬಣ್ಣಗಳನ್ನೆಲ್ಲ ತಾಳಿತ್ತು.

ನಾನು ಹುಡುಕಿದ್ದು ಬೇರೆಯದನ್ನು. ಏಪ್ರಿಲ್ ಕೊನೆಯ ಗೆರೆ, ಅಂದರೆ ಸೂರ್ಯ ನೆತ್ತಿಯನ್ನು ದಾಟಿದ ದಿನದ ಗೆರೆ, ಎಲ್ಲಿ ಬೀಳಬೇಕೆಂದು ಅಳೆದು ಗುರುತು ಮಾಡಿದೆ. ಅಲ್ಲಿಂದ ಜೂನಿನ ಬಿಲ್ಲಿನವರೆಗೆ ನಡುವಿನ ಅಗಲ ಒಂದು ಸೆಂಟಿಮೀಟರಿಗಿಂತ ಸ್ವಲ್ಪ ಹೆಚ್ಚು. ನನ್ನ ಕಿರುಬೆರಳಿಟ್ಟರೆ ಮುಚ್ಚಿಹೋಗುತ್ತದೆ. ಆ ಪಟ್ಟಿಯಲ್ಲಿರುವ ಗೆರೆಗಳೆಲ್ಲ ನಮಗೆ ಉತ್ತರದಲ್ಲಿ ನಡೆದ ಸೂರ್ಯನವು. ನಾನು ಸೊನ್ನೆ ಕೊಟ್ಟದ್ದು ಅದಕ್ಕೆ.

ನಾಲ್ಕು ಊರಿನ ಕಾಗದಗಳನ್ನು ಪಕ್ಕಪಕ್ಕದಲ್ಲಿ ಹಾಸಿದಾಗ ಇನ್ನೊಂದು ಸಂಗತಿ ಕಂಡಿತು, ನಾನು ನಿರೀಕ್ಷಿಸದೆ ಇದ್ದದ್ದು. ಜೂನಿನಿಂದ ಡಿಸೆಂಬರಿನವರೆಗಿನ ಕಾಗದದಲ್ಲಿ, ನ್ಯಾಮತಿಯ ಚಿತ್ರದ ಆ ಕಿರುಬೆರಳಿನ ಪಟ್ಟಿ ಹೆಚ್ಚುಕಡಿಮೆ ಖಾಲಿ. ಮಲೆನಾಡಿನ ಸೆರಗಿನ ಊರು. ಮೋಡ ಕವಿದದ್ದು ಕವಿದಂತೆಯೇ ಇರುತ್ತದೆ. ಚನ್ನಗಿರಿಯಲ್ಲಿ ಅಲ್ಲೊಂದು ಇಲ್ಲೊಂದು ತುಂಡು ಗೆರೆ. ಹೊನ್ನಾಳಿಯದೂ ಹಾಗೆಯೇ, ಮೇಲಾಗಿ ಚಳಿಗಾಲದ ಗೆರೆಗಳ ಬೆಳಗಿನ ತುದಿಗಳು ಸವೆದಿದ್ದುವು, ತುಂಗಭದ್ರೆಯ ಮೇಲಿನ ಮಂಜು ತಿಂದುಹಾಕಿತ್ತು. ಜಗಳೂರಿನ ಕಾಗದದಲ್ಲಿ ಮಾತ್ರ ಆಷಾಢದ ನಡುವೆಯೂ ಚುಕ್ಕಿ ಚುಕ್ಕಿಯಾಗಿ ಗೆರೆಗಳು ಮೂಡಿದ್ದುವು. ಮಳೆಯ ನೆರಳಿನ ಸೀಮೆ ಅದು. ಬರ ಅಲ್ಲಿಗೆ ಹೊಸದಲ್ಲ. ಊರ ಹತ್ತಿರದ ರಂಗಯ್ಯನದುರ್ಗದ ಕುರುಚಲು ಕಾಡಿನಲ್ಲಿ ಕೊಂಡುಕುರಿ ಎಂಬ ನಾಲ್ಕು ಕೊಂಬಿನ ಜಿಂಕೆ ಬದುಕುತ್ತದೆ ಎಂದರೆ ಬಯಲಿನ ಬಗೆ ಊಹಿಸಬಹುದು. ಸೂರ್ಯನ ಚಿತ್ರವೆಂದು ತೆಗೆದದ್ದು ಮೋಡದ ಚಿತ್ರವೂ ಆಗಿತ್ತು. ಅದರೊಡನೆ ನನ್ನ ಅಜ್ಞಾನಕ್ಕೂ ಅರ್ಧ ಕಾರಣ ದೊರೆಯಿತು. ಸೂರ್ಯ ಉತ್ತರದಲ್ಲಿರುವ ಕಾಲದ ಅರ್ಧಕ್ಕೂ ಮಿಕ್ಕ ಭಾಗ ನಮಗೆ ಮುಂಗಾರು. ಉಳಿದ ಭಾಗ ಶಾಲೆಗೆ ಬೇಸಿಗೆ ರಜೆ, ಮೇಷ್ಟರು ನಡುಹಗಲಿನಲ್ಲಿ ಹೊರಗೆ ಬರುವವನಲ್ಲ. ಕುರಿಯ ಹಿಂದೆ ನಡೆಯುವ ಜಗಳೂರಿನ ಹುಡುಗನೇ ಅದನ್ನು ಕಾಣಬೇಕಾದವನು. ಅವನು ಕಂಡಿದ್ದ.

ಅವನೊಬ್ಬನೇ ಅಲ್ಲ. ಚನ್ನಗಿರಿಯಲ್ಲಿ ನನ್ನ ಮನೆಯ ಹಿಂದೆಯೇ ಅಡಕೆ ತೋಟ. ಅದರ ಯಜಮಾನರಿಗೆ ಚಿತ್ರ ತೋರಿಸಿದೆ. ಡಿಸೆಂಬರಿನ ಬಿಲ್ಲಿನ ಪಶ್ಚಿಮದ ತುದಿಯ ಮೇಲೆ ಬೆರಳಿಟ್ಟು, “ಇದೇ ನೋಡಿ ಮೇಷ್ಟ್ರೇ, ನನ್ನ ಮರ ಸುಡೋದು” ಎಂದರು. ಚಳಿಗಾಲದ ಇಳಿಹೊತ್ತಿನ ಬಿಸಿಲು ನೈಋತ್ಯದಿಂದ ಬಂದು ಅಡಕೆ ಮರದ ಕಾಂಡವನ್ನು ಸೀಯಿಸುತ್ತದೆ. ಸೀದಲ್ಲಿ ತೊಗಟೆ ಬಿರಿದು ಮರ ಮುರಿಯುತ್ತದೆ. ಎಳೆಯ ಮರಗಳ ಕಾಂಡಕ್ಕೆ ಹಾಳೆ ಕಟ್ಟುವುದು ಅದಕ್ಕಾಗಿ. ಸಸಿ ನೆಡುವಾಗ ಸಾಲನ್ನು ನೇರವಾಗಿ ದಕ್ಷಿಣೋತ್ತರಕ್ಕೆ ಹಿಡಿಯದೆ ಮೂವತ್ತೈದು ಡಿಗ್ರಿ ನೈಋತ್ಯಕ್ಕೆ ವಾಲಿಸಬೇಕೆಂದು ಕೃಷಿಶಾಸ್ತ್ರಜ್ಞರೂ ಹೇಳುತ್ತಾರೆ; ಒಂದು ಮರದ ನೆರಳು ಇನ್ನೊಂದು ಮರದ ಕಾಂಡದ ಮೇಲೆ ಬೀಳಲೆಂದು. ಸೂರ್ಯ ವರ್ಷವಿಡೀ ಒಂದೇ ಕಡೆ ಮುಳುಗುವುದಿಲ್ಲ, ಪಶ್ಚಿಮದಿಂದ ಎಡಕ್ಕೂ ಬಲಕ್ಕೂ ಇಪ್ಪತ್ತನಾಲ್ಕು ಇಪ್ಪತ್ತನಾಲ್ಕು ಡಿಗ್ರಿ ಸರಿಯುತ್ತಾನೆ ಎಂಬ ವಿಷಯ ಅವರಿಗೆ ಮರದ ಬೆಲೆ ತೆತ್ತು ಗೊತ್ತು.

ಮಳೆಗಳ ಹೆಸರನ್ನೇ ನೋಡಿ. ಭರಣಿ, ಕೃತ್ತಿಕೆ, ರೋಹಿಣಿ, ಮೃಗಶಿರ ಎಂದು ನಮ್ಮ ರೈತರು ಎಣಿಸುವಾಗ ಎಣಿಸುತ್ತಿರುವುದು ನಿಜವಾಗಿ ಮಳೆಯನ್ನಲ್ಲ, ಸೂರ್ಯನ ಹೆಜ್ಜೆಗಳನ್ನು. ಸೂರ್ಯ ಒಂದೊಂದು ನಕ್ಷತ್ರದಲ್ಲಿರುವ ಹದಿಮೂರು ಹದಿನಾಲ್ಕು ದಿನಗಳಿಗೆ ಒಂದೊಂದು ಮಳೆ. ಭರಣಿ ಹುಟ್ಟುವುದು ಏಪ್ರಿಲ್ 27, 28ರ ಹೊತ್ತಿಗೆ. ಸೂರ್ಯ ನಮ್ಮ ನೆತ್ತಿಯನ್ನು ದಾಟುವುದೂ ಅದೇ ಹೊತ್ತಿಗೆ. ಅವನು ಹಿಂತಿರುಗಿ ನೆತ್ತಿಗೆ ಬರುವಾಗ ಆಶ್ಲೇಷಾ ಮುಗಿಯುತ್ತ ಮಘೆ ಹುಟ್ಟುತ್ತಿರುತ್ತದೆ. ಭರಣಿಯಿಂದ ಆಶ್ಲೇಷೆಯವರೆಗೆ ನೆರಳು ತೆಂಕಲಿಗೆ ಎಂದು ಹೇಳಿಕೊಟ್ಟಿದ್ದರೆ ಹಳ್ಳಿಯ ಯಾವ ಮಗುವೂ ಮರೆಯುತ್ತಿರಲಿಲ್ಲ. ನನಗೆ ಹಾಗೆ ಹೇಳಬೇಕೆಂದು ಗೊತ್ತಿರಲಿಲ್ಲ, ಮಳೆಗಳ ಪಟ್ಟಿ ಕನ್ನಡದ ಮೇಷ್ಟರದು, ಸೂರ್ಯ ಭೂಗೋಳದವನದು ಎಂದು ನಾವು ಪ್ರಾಂತ ಹಂಚಿಕೊಂಡಿದ್ದೆವು.

ಹಿಂದಿನವರು ಎಲ್ಲವನ್ನೂ ತಿಳಿದಿದ್ದರು ಎಂದು ಎದೆ ತಟ್ಟಿಕೊಳ್ಳುವವರ ಸಾಲಿಗೆ ವಾಚಕರು ನನ್ನನ್ನು ಸೇರಿಸಬಾರದು. ಅದೇ ಕಾಗದ ಅವರಿಗೂ ಒಂದು ಮಾತು ಹೇಳುತ್ತದೆ. ಗೆರೆಗಳು ದಕ್ಷಿಣದ ಅಂಚನ್ನು ಮುಟ್ಟಿ ಉತ್ತರಕ್ಕೆ ತಿರುಗುವುದು ಡಿಸೆಂಬರ್ 21, 22ರಂದು. ಉತ್ತರಾಯಣವೆಂದು ನಾವು ಎಳ್ಳು ಬೀರುವ ಜನವರಿ 14, 15ರ ಹೊತ್ತಿಗೆ ಸೂರ್ಯ ಎರಡು ಡಿಗ್ರಿ ಮೇಲಕ್ಕೆ ಬಂದಾಗಿರುತ್ತದೆ. ಕಾಗದದ ಮೇಲೆ ಮೂರು ಮಿಲಿಮೀಟರು. ಅಯನಚಲನೆಯಿಂದಾಗಿ, ಕ್ರಿ.ಶ. ಮೂರನೆಯ ಶತಮಾನದ ಸುಮಾರಿಗೆ ಒಂದೇ ಆಗಿದ್ದ ಮಕರ ಸಂಕ್ರಮಣವೂ ಉತ್ತರಾಯಣವೂ ಎಪ್ಪತ್ತು ಚಿಲ್ಲರೆ ವರ್ಷಕ್ಕೆ ಒಂದು ದಿನದಂತೆ ಅಗಲುತ್ತ ಬಂದಿವೆ. ಮೇಘನಾದ ಸಹಾ ಅವರ ಅಧ್ಯಕ್ಷತೆಯ ಸಮಿತಿ ಈ ತೊಡಕನ್ನೆಲ್ಲ ವಿಚಾರಮಾಡಿದ ಮೇಲೆ 1957ರಲ್ಲಿ ರಾಷ್ಟ್ರೀಯ ಪಂಚಾಂಗ ಬಂತು. ಸರ್ಕಾರದ ಕಾಗದಗಳ ತಲೆಯ ಮೇಲೆ ಉಳಿಯಿತು, ಮನೆಗಳ ಗೋಡೆಗೆ ಬರಲಿಲ್ಲ. ಹಬ್ಬವನ್ನು ಬದಲಿಸಬೇಕೆಂದು ನನ್ನ ವಾದವಲ್ಲ. ಎಳ್ಳುಬೆಲ್ಲಕ್ಕೆ ಖಗೋಳದ ಅಪ್ಪಣೆ ಬೇಕಿಲ್ಲ. ಮೂರು ಮಿಲಿಮೀಟರನ್ನು ಕಣ್ಣಾರೆ ಕಂಡು, ಆಮೇಲೆ ಹಬ್ಬ ಮಾಡಲಿ.

ಬೆಂಗಳೂರಿನ ಗವಿ ಗಂಗಾಧರೇಶ್ವರ ದೇವಾಲಯದಲ್ಲಿ ಸಂಕ್ರಾಂತಿಯ ಸಂಜೆ ಬಿಸಿಲು ಒಳಹೊಕ್ಕು ಲಿಂಗವನ್ನು ಮುಟ್ಟುವುದನ್ನು ನೋಡಲು ಜನ ಕಿಕ್ಕಿರಿಯುತ್ತಾರೆ. ಹೋಗುವಾಗ ಒಂದು ದಾರಿಯಲ್ಲಿ ನಡೆದ ಸೂರ್ಯ ಬರುವಾಗ ಅದೇ ದಾರಿಯಲ್ಲಿ ಬರಲೇಬೇಕಷ್ಟೆ. ಬೆಂಗಳೂರಿನ ಸಂಶೋಧಕರು ಅಳೆದು 2008ರಲ್ಲಿ ಪ್ರಕಟಿಸಿದಂತೆ, ನವೆಂಬರಿನ ಕೊನೆ, ಡಿಸೆಂಬರಿನ ಮೊದಲ ದಿನಗಳಲ್ಲಿಯೂ ಅದೇ ಬಿಸಿಲು ಅದೇ ಲಿಂಗದ ಮೇಲೆ ಬೀಳುತ್ತದೆ. ಆಗ ಅದನ್ನು ನೋಡಲು ಜನಸಂದಣಿಯಿಲ್ಲ. ಪಂಚಾಂಗ ಹೇಳಿದ ದಿನ ನೋಡುತ್ತೇವೆ, ಹೇಳದ ದಿನ ನೋಡುವುದಿಲ್ಲ. ನಾನು ಪುಸ್ತಕ ಹೇಳಿದ ದಿಕ್ಕಿಗೆ ಮಾತ್ರ ನೆರಳನ್ನು ಕಂಡಂತೆ.

ನನ್ನ ಅಭಿಪ್ರಾಯ ಇಷ್ಟು: ಈ ನಾಲ್ಕು ತಾಲ್ಲೂಕುಗಳ ಪ್ರತಿಯೊಂದು ಪ್ರೌಢಶಾಲೆಯೂ ತನ್ನ ಆಕಾಶದ ಚಿತ್ರವನ್ನು ತಾನೇ ತೆಗೆದು ಗೋಡೆಗೆ ಹಾಕಬೇಕು. ಪರದೇಶದ ಚಿತ್ರಗಳು ಎಷ್ಟು ಸುಂದರವಾಗಿದ್ದರೂ ಅವು ದಕ್ಷಿಣಕ್ಕೆ ವಾಲಿದ ಸೂರ್ಯನವು. ಅವನ್ನೇ ನೋಡಿ ಬೆಳೆದ ಮಗುವಿಗೆ ತನ್ನ ನೆತ್ತಿಯ ಸೂರ್ಯ ತಪ್ಪು ಉತ್ತರವಾಗಿ ಕಾಣುತ್ತಾನೆ. ಫೋಟೋ ಕಾಗದ ಸಿಕ್ಕದಿದ್ದರೆ ಧ್ವಜಸ್ತಂಭವಾದರೂ ಇದ್ದೇ ಇದೆ. ಆಗಸ್ಟ್ 15ರಂದು ಬೆಳಿಗ್ಗೆ ಬಾವುಟ ಹಾರಿಸಿ, ಭಾಷಣ ಕೇಳಿ, ಸಿಹಿ ತಿಂದು, ಹನ್ನೊಂದು ಗಂಟೆಗೆಲ್ಲ ನಾವು ಮನೆಗೆ ಹೊರಟುಬಿಡುತ್ತೇವೆ. ಇನ್ನು ಒಂದೂವರೆ ಗಂಟೆ ನಿಂತರೆ, 12 ಗಂಟೆ 30 ನಿಮಿಷದ ಆಸುಪಾಸಿನಲ್ಲಿ, ಮೋಡ ದಾರಿ ಬಿಟ್ಟರೆ, ಆ ಕಂಬಕ್ಕೆ ನೆರಳೇ ಇರುವುದಿಲ್ಲ. ಚನ್ನಗಿರಿಯಲ್ಲಿ ಹೆಚ್ಚುಕಡಿಮೆ ಕರಾರುವಾಕ್ಕಾಗಿ ಅಂದೇ. ಉಳಿದ ಮೂರು ಊರುಗಳಲ್ಲಿ ಒಂದೆರಡು ದಿನ ಹಿಂದೆ. ಮೂವತ್ತು ವರ್ಷ ಆ ಕಂಬದ ಕೆಳಗೆ ಸಿಹಿ ಹಂಚಿದವನು ನಾನು. ಒಮ್ಮೆಯೂ ನಿಂತು ನೋಡಲಿಲ್ಲ.

ವರ್ಷವಿಡೀ ವಾರಕ್ಕೊಮ್ಮೆ ಒಂದೇ ಹೊತ್ತಿಗೆ, ಚನ್ನಗಿರಿಯಾದರೆ 12 ಗಂಟೆ 27 ನಿಮಿಷಕ್ಕೆ, ಕಂಬದ ತುದಿಯ ನೆರಳಿಗೆ ನೆಲದ ಮೇಲೆ ಒಂದು ಮೊಳೆ ಹೊಡೆಯುತ್ತ ಬಂದರೆ ಡಿ ಚಿಕ್ಕೊ ಅವರು ಆಕಾಶದಲ್ಲಿ ತೋರಿಸಿದ 8ರ ಅಂಕಿ ನಮ್ಮ ಅಂಗಳದಲ್ಲಿಯೇ ಮೂಡುತ್ತದೆ. ಸೂರ್ಯ ಗಡಿಯಾರಕ್ಕೆ ವಿಧೇಯನಲ್ಲ: ಚನ್ನಗಿರಿಯಲ್ಲಿ ಅವನ ನಡುಹಗಲು ನವೆಂಬರಿನ ಮೊದಲ ವಾರ 12 ಗಂಟೆ 10 ನಿಮಿಷಕ್ಕೆ, ಫೆಬ್ರವರಿಯ ನಡುವೆ 12 ಗಂಟೆ 40 ನಿಮಿಷಕ್ಕೆ. ಭೂಮಿಯ ದಾರಿ ಅಂಡಾಕಾರದ್ದು, ಅಚ್ಚು ವಾಲಿದ್ದು. ಅದರಿಂದ ಈ ಹಿಂದುಮುಂದು. ಯುರೋಪಿನ ಅಂಗಳದಲ್ಲಿ ಆ ಅಂಕಿ ಪೂರ್ತಿ ಕಂಬದ ಉತ್ತರಕ್ಕೆ ಬೀಳುತ್ತದೆ. ನಮ್ಮಲ್ಲಿ ಕಂಬದ ಬುಡವೇ ಅದರ ಚಿಕ್ಕ ಸೊನ್ನೆಯೊಳಗೆ ನಿಂತಿರುತ್ತದೆ.

ಇದರಿಂದ ಎಷ್ಟು ಅಂಕ ಬರುತ್ತದೆ ಎಂದು ಕೇಳುವವರಿದ್ದಾರೆ. ನ್ಯಾಯವಾದ ಪ್ರಶ್ನೆಯೇ, ಬಡವರ ಮಕ್ಕಳಿಗೆ ಅಂಕವೇ ಏಣಿ. ಒಂದು ವರ್ಷ ಕಾಯುವ ಪ್ರಯೋಗ ಒಂದು ವರ್ಷಕ್ಕೆ ವರ್ಗವಾಗುವ ಮೇಷ್ಟರ ಕೈಯಲ್ಲಿ ಹೇಗೆ ನಡೆದೀತು ಎನ್ನುವವರೂ ಇದ್ದಾರೆ. ಅದಕ್ಕೂ ನನ್ನಲ್ಲಿ ಒಳ್ಳೆಯ ಉತ್ತರವಿಲ್ಲ. ಡಬ್ಬಿಗೆ ಮೇಷ್ಟರು ಯಾರಾದರೇನು ಎಂದಷ್ಟೇ ಹೇಳಬಲ್ಲೆ. ಅದನ್ನು ಯಾರೂ ಬಿಚ್ಚದಿದ್ದರೆ ಸಾಕು.

ಜಗಳೂರಿನ ಕಾಗದವನ್ನು ಕಟ್ಟುಹಾಕಿಸಿ ಆ ಶಾಲೆಗೇ ಕೊಟ್ಟುಬಂದೆ. ಹುಡುಗನ ಬಗ್ಗೆ ವಿಚಾರಿಸಿದೆ. ಹೆಸರು ನನಗೆ ಚೆನ್ನಾಗಿ ನೆನಪಿಲ್ಲದೆ ಇದ್ದುದರಿಂದ ವಿಚಾರಿಸುವುದೂ ಕಷ್ಟವಾಯಿತು. ಆ ವರ್ಷದ ಹಾಜರಿ ಪುಸ್ತಕ ಗೆದ್ದಲು ತಿಂದಿದೆ, ಕಿರುಪರೀಕ್ಷೆಯ ಕಾಗದಗಳನ್ನು ಆಗಲೇ ತೂಕಕ್ಕೆ ಹಾಕಲಾಗಿತ್ತು. ಈಗ ಅವನಿಗೆ ಐವತ್ತರ ಹತ್ತಿರ ವಯಸ್ಸಾಗಿರಬೇಕು. ಕಟ್ಟಿನ ಕೆಳಗೆ ಊರು, ಅಕ್ಷಾಂಶ, ತೆಗೆದ ತಿಂಗಳುಗಳನ್ನು ಬರೆದ ಮೇಲೆ ಸ್ವಲ್ಪ ಜಾಗ ಉಳಿದಿತ್ತು. ಕೆಂಪು ಶಾಯಿಯಲ್ಲಿ ‘2/2’ ಎಂದು ಹಾಕಿ, ನನ್ನ ಸಹಿ ಮಾಡಿದೆ. ಅದೇನೆಂದು ಮುಖ್ಯೋಪಾಧ್ಯಾಯರು ಕೇಳಿದರು. ಹಳೆಯ ಲೆಕ್ಕ ಎಂದೆ.